ಕರಿಂಡಿ ಕೆಟ್ಟ ವರ್ಷ

ಡಿಸೆಂಬರ್ 14, ಭಾನುವಾರ, ಬೆಳಗ್ಗೆ 7.20. ಧಾರವಾಡದಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸು, ಬಲಗಡೆ ನಾಲ್ಕನೇ ಸೀಟು. ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ್ದಕ್ಕೆ ಮುಂದಿನ ಸಾಲಿನ ಹೆಂಗಸಿನ ಕೈಚೀಲ ಉರುಳಿ, ಒಳಗಿದ್ದ ಸ್ಟೀಲಿನ ಡಬ್ಬಿಯ ಮುಚ್ಚಳ ಸಡಿಲವಾಯಿತು. ನನಗೆ ಏನೂ ತಿಳಿಯಲಿಲ್ಲ. ಆದರೆ ಜನ ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ಒಬ್ಬ ಮುದುಕರು ಟವೆಲ್ಲನ್ನು ಮೂಗಿಗೆ ಹಿಡಿದರು. ಅವರ ಪಕ್ಕದವರು ಬಾಯಲ್ಲಿ ನೀರೂರಿ ನುಂಗಿದರು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಕೂಗಿದರು.

"ಯಾರವ್ವಾ ಕರಿಂಡಿ ತಂದಾಕಿ? ರೊಟ್ಟಿನೂ ತಂದಿದ್ರ ಹೇಳಬೇ, ಗಾಡಿ ನಿಂದರಸ್ತೀನಿ, ಎಲ್ಲಾರೂ ಉಂಡ ಹೋಗೂಣು!"

ಬಸ್ಸಿನವರೆಲ್ಲ ನಕ್ಕರು. ಮೂಗು ಮುಚ್ಚಿಕೊಂಡವರು ಐದು ಮಂದಿ, ನಕ್ಕು ಸುಮ್ಮನಾದವರು ಉಳಿದವರು. ನಾನು ನೋಟ್‌ಬುಕ್ ತೆಗೆದು ದಿನಾಂಕ, ವೇಳೆ ಬರೆದೆ. ಒಂದು ವರ್ಷದಿಂದ ಬರೆಯಬೇಕೆಂದುಕೊಂಡು ಬರೆಯದೆ ಬಿಟ್ಟಿದ್ದು ಹೀಗೆ ಶುರುವಾಯಿತು.

ಕರಿಂಡಿ ಗೊತ್ತಿಲ್ಲದವರಿಗೆ ಎರಡು ಮಾತು. ನೆನೆಸಿದ ಅಗಸಿ ಬೀಜವನ್ನು ರುಬ್ಬಿ, ಹಸಿಮೆಣಸಿನಕಾಯಿ ತರಿತರಿಯಾಗಿ ಕುಟ್ಟಿ ಹಾಕಿ, ಸವತೆಕಾಯಿ, ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಹೋಳು, ಸಾಸಿವೆ, ಮೆಂತ್ಯ, ಇಂಗು, ಉಪ್ಪು ಸೇರಿಸಿ ಭರಣಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಕೆಲವು ದಿನ ಬೆಚ್ಚಗಿಟ್ಟರೆ ಅದು ಹುಳಿತು ಹಣ್ಣಾಗುತ್ತದೆ. ಹಣ್ಣಾದ ದಿನ ಅದರ ಘಾಟು ಮೂಗಿನಿಂದ ನೆತ್ತಿಗೆ ಏರುತ್ತದೆಯಂತೆ. ಅಂದೇ ಅದನ್ನು ತಣ್ಣಗಿನ ಜಾಗಕ್ಕೆ ಒಯ್ಯಬೇಕು. ಮೊದಲೇ ಒಯ್ದರೆ ಹಸಿ, ಎರಡು ದಿನ ತಡವಾದರೆ ಕೊಳೆತ. ಚಳಿಗಾಲದಲ್ಲಿ ಮಾತ್ರ, ಅದರಲ್ಲೂ ಎಳ್ಳಮಾವಾಸ್ಯೆಯ ಚರಗಕ್ಕೆ ಮಾಡುವ ಪದಾರ್ಥ ಇದು. ಆ ದಿನ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಹೊಲಕ್ಕೆ ಒಯ್ದು, ಪೂಜೆ ಮಾಡಿ, ಪೈರಿನ ನಡುವೆ ಚೆಲ್ಲಿ, ಆಮೇಲೆ ಎಲ್ಲರೂ ಉಣ್ಣುತ್ತಾರೆ. ಭೂಮಿತಾಯಿಗಿಂತ ಮೊದಲು ಯಾರೂ ಅದನ್ನು ನಾಲಿಗೆಗೆ ಹಚ್ಚುವಂತಿಲ್ಲ. ಅದರ ರುಚಿಯ, ವಾಸನೆಯ ಮಾತನ್ನೂ ಆಡುವಂತಿಲ್ಲ. ಮಾಡಿದಾಕೆ ಮಾತ್ರ ಹಣ್ಣಾಯಿತೇ ಎಂದು ಮೂಸಿ ನೋಡಬಹುದು. ನಾನು ಇದ್ದ ಮನೆಯ ಪದ್ಧತಿ ಇದು.

ನನಗೆ ಹೋದ ವರ್ಷದ ಆಗಸ್ಟ್‌ನಿಂದ ವಾಸನೆ ಬರುವುದಿಲ್ಲ. ಒಂಬತ್ತು ದಿನ ಜ್ವರ ಬಂದಿತ್ತು. ಹತ್ತನೇ ದಿನ ಎದ್ದಾಗ ಹಾಲು ಉಕ್ಕಿ ಸುಟ್ಟು ಅಡುಗೆಮನೆಯೆಲ್ಲ ಹೊಗೆ ತುಂಬಿದ್ದು ಕಣ್ಣಿಗೆ ಕಂಡಿತು, ಮೂಗಿಗೆ ಬರಲಿಲ್ಲ. ಉಪ್ಪು, ಹುಳಿ, ಸಿಹಿ, ಮೆಣಸಿನ ಉರಿ, ಇಷ್ಟು ನಾಲಿಗೆಗೆ ಗೊತ್ತಾಗುತ್ತಿತ್ತು. ಅದರಾಚೆ ಏನೂ ಇಲ್ಲ. ಡಾಕ್ಟರು ನರದ ತೊಂದರೆ ಅಂದರು. ಬಂದರೆ ಕೆಲವು ತಿಂಗಳಲ್ಲಿ ಬರುತ್ತದೆ, ಬರದಿದ್ದರೆ ಇಲ್ಲ. ದಿನಾ ಬೆಳಗ್ಗೆ ಲವಂಗ, ಲಿಂಬೆಸಿಪ್ಪೆ, ಇಂಗು, ಕಾಫಿಪುಡಿ ಮೂಸಿ ಅಭ್ಯಾಸ ಮಾಡಲು ಹೇಳಿದರು. ನಾನು ನಾಲ್ಕು ಕಾಲಮ್ಮಿನ ಕೋಷ್ಟಕ ಮಾಡಿದೆ. ಎಲ್ಲದರಲ್ಲೂ ಸೊನ್ನೆ. ಅಳು ಬರಲಿಲ್ಲ. ಬೇಜಾರು ಎನ್ನುವುದಕ್ಕೂ ಒಂದು ವಾಸನೆ ಬೇಕಾಗುತ್ತದೇನೋ ಅನ್ನುವಷ್ಟು ಸಪ್ಪೆಯಾಗಿ ದಿನಗಳು ಹೋಗುತ್ತಿದ್ದವು.

ನಾನು ಊಟದ ಬಗ್ಗೆ ಬರೆದು ಬದುಕುವವಳು. ಒಂದು ವಾರಪತ್ರಿಕೆಯಲ್ಲಿ ಮೂರು ವರ್ಷ ಅಂಕಣ ಬರೆದಿದ್ದೆ. ಅದನ್ನು ಓದಿದ ಪ್ರಕಾಶಕರೊಬ್ಬರು ಜ್ವರಕ್ಕೆ ಮೊದಲೇ ಕಾದಂಬರಿಯೊಂದನ್ನು ಬರೆಯಲು ಒಪ್ಪಿಸಿದ್ದರು. ಪಟ್ಟಣದ ಹುಡುಗಿಯೊಬ್ಬಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿ, ಅಲ್ಲಿನ ಊಟ ಉಣ್ಣುತ್ತ ಉಣ್ಣುತ್ತ ತನ್ನನ್ನು ತಾನು ಕಂಡುಕೊಳ್ಳಬೇಕು. "ಪ್ರತಿ ಊರಲ್ಲೂ ಒಂದು ತುತ್ತು, ಪ್ರತಿ ತುತ್ತಿಗೂ ಒಂದು ಸತ್ಯ" ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೆ. ಮೂಗು ಹೋದ ಸಂಗತಿ ಅವರಿಗೆ ಹೇಳಲಿಲ್ಲ. ಬಂದೇ ಬರುತ್ತದೆ, ಅಷ್ಟರಲ್ಲಿ ಓಡಾಡಿ ಟಿಪ್ಪಣಿ ಮಾಡಿಕೊಳ್ಳೋಣ ಎಂದು ಶೀಗಿಹುಣ್ಣಿಮೆಯ ದಿನ, ಅಕ್ಟೋಬರ್ 17ರಂದು, ಬೈಲಹೊಂಗಲಕ್ಕೆ ಬಂದೆ. ಆ ವರ್ಷದ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ. ಒಟ್ಟು ಎಪ್ಪತ್ತೈದು ದಿನ.

ಇಳಿದುಕೊಂಡದ್ದು ಶಾಂತಾ ಕಾಕೂ ಮನೆಯ ಮಾಳಿಗೆಯ ಕೋಣೆಯಲ್ಲಿ. ಕೆಳಗಿನ ಪಡಸಾಲೆಯಲ್ಲಿ ಅವರ ರೊಟ್ಟಿಯ ಕೆಲಸ. ಮೂರು ಒಲೆ, ಅವರನ್ನು ಸೇರಿಸಿ ನಾಲ್ಕು ಹೆಂಗಸರು, ಬೆಳಗಿನ ಐದೂವರೆಯಿಂದ ರೊಟ್ಟಿ ತಟ್ಟುವ ಸದ್ದು. ಕಾಕೂಗೆ ಐವತ್ತೆರಡು ವಯಸ್ಸು, ಗಂಡ ಇಲ್ಲ, ಮಗಳನ್ನು ಕಿತ್ತೂರಿಗೆ ಕೊಟ್ಟಿದ್ದರು. ರೊಟ್ಟಿಗಳನ್ನು ಊರೂರಿನ ಖಾನಾವಳಿಗಳಿಗೆ ಮುಟ್ಟಿಸುವವರು ಬಾಬುಸಾಬ್. ಅವರದೊಂದು ಸಣ್ಣ ಗೂಡ್ಸ್ ಗಾಡಿ. ಸೋಮವಾರ ಕಿತ್ತೂರು, ಬುಧವಾರ ಮುರಗೋಡದ ಮೇಲೆ ಸವದತ್ತಿ, ಶುಕ್ರವಾರ ರಾಮದುರ್ಗ. ನಾನು ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ನನ್ನ ಕಾದಂಬರಿಯ ಪ್ರವಾಸವೆಲ್ಲ ಅವರ ರೊಟ್ಟಿಯ ಬುಟ್ಟಿಗಳ ಜೊತೆಗೇ ಆಯಿತು.

ರುಚಿ ಗೊತ್ತಾಗದೆ ರುಚಿಯ ಬಗ್ಗೆ ಬರೆಯಲು ನಾನೊಂದು ಪದ್ಧತಿ ಮಾಡಿಕೊಂಡೆ. ಎದುರು ಕೂತು ಉಣ್ಣುವವರನ್ನು ನೋಡುವುದು. ಎಷ್ಟು ಸಲ ಪಲ್ಯ ಕೇಳಿ ಹಾಕಿಸಿಕೊಂಡರು, ಎಷ್ಟನೇ ತುತ್ತಿಗೆ ನೀರು ಕುಡಿದರು, ಬೆರಳು ನೆಕ್ಕಿದರೋ ಒರೆಸಿಕೊಂಡರೋ. ರಾಮದುರ್ಗದ ಖಾನಾವಳಿಯೊಂದರಲ್ಲಿ ಒಬ್ಬರು ಪುಂಡಿಪಲ್ಯಕ್ಕೆ ನಾಲ್ಕು ಸಲ ಕೈಯೆತ್ತಿದ್ದರು. ಆ ಪುಂಡಿಪಲ್ಯ ನನ್ನ ಟಿಪ್ಪಣಿಯಲ್ಲಿ ಅತಿ ಶ್ರೇಷ್ಠ. ವಾಸನೆಯ ಮಾತು ಬಂದಾಗ ಬಾಬುಸಾಬರನ್ನು ಕೇಳುತ್ತಿದ್ದೆ.

"ಗುರೆಳ್ಳ ಹುರದ್ರ ಹ್ಯಾಂಗ ವಾಸನಿ ಬರ್ತೈತ್ರಿ, ನಿಮ್ಮ ಮಾತಿನ್ಯಾಗ ಹೇಳ್ರಿ."

"ಹ್ಯಾಂಗಂದ್ರ... ಹೊಸಾ ಟೈರಿನ ಅಂಗಡ್ಯಾಗ ನಿಂತಂಗ, ಮೇಡಂರಿ."

"ಮತ್ತ ತುಪ್ಪದ್ದು?"

"ಛಲೋ ಇಂಜಿನ್ ಆಯಿಲ್. ನಗಬ್ಯಾಡ್ರಿ. ನೀವ ಕೇಳೀರಿ, ನಾ ಹೇಳೀನಿ. ಬರಿಯಾವ್ರು ನೀವು, ಮೂಗೂ ನಿಮ್ಮದ ಐತಲ್ಲ."

ನನ್ನ ನಾಯಕಿ ಸವದತ್ತಿಯಲ್ಲಿ ಗುರೆಳ್ಳ ಚಟ್ನಿಯ ಪರಿಮಳಕ್ಕೆ ಕಣ್ಣುಮುಚ್ಚಿ ತನ್ನ ಬಾಲ್ಯವನ್ನು ಕಂಡಳು. ಕಿತ್ತೂರಿನ ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ತಿಂದು ತನ್ನ ಒಂಟಿತನವನ್ನು ಕ್ಷಮಿಸಿದಳು. ನವಿಲುತೀರ್ಥದ ಅಣೆಕಟ್ಟೆಯ ಹತ್ತಿರ ಬುತ್ತಿ ಬಿಚ್ಚಿ ಅತ್ತಳು. ನಾನು ಅದೇ ಜಾಗದಲ್ಲಿ ಬುತ್ತಿ ಬಿಚ್ಚಿದ್ದೆ, ನವೆಂಬರ್ 20, ಮಧ್ಯಾಹ್ನ 1.10. ರೊಟ್ಟಿ ಒಣಗಿದ ಕಾಗದದ ಹಾಗಿತ್ತು. ಎರಡು ತಿಂದೆ. ಗೇಟಿನಿಂದ ನೀರು ಬಿಟ್ಟಿರಲಿಲ್ಲ. ಅಷ್ಟೇ ಬರೆದಿದ್ದೇನೆ.

ಡಿಸೆಂಬರ್ ಬರುವ ಹೊತ್ತಿಗೆ ಹನ್ನೊಂದು ಅಧ್ಯಾಯ ಮುಗಿದಿದ್ದವು. ಪ್ರಕಾಶಕರಿಗೆ ಹಿಡಿಸಿದ್ದವು. ನನಗೆ ಹಿಡಿಸಿದವೋ ಇಲ್ಲವೋ ಎಂದು ಕೇಳಿಕೊಂಡಾಗ ಉತ್ತರ ಬರುತ್ತಿರಲಿಲ್ಲ.

ಕಾಕೂ ಪ್ರತಿ ದಿನ ಎರಡು ಹೊತ್ತು ನನಗೆ ಉಣಬಡಿಸುತ್ತಿದ್ದರು. ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಮುಖ ನೋಡುತ್ತಿದ್ದರು.

"ಹ್ಯಾಂಗಾಗೇತಿ?"

"ಛಲೋ ಆಗೇತ್ರಿ ಕಾಕೂ."

"ಉಪ್ಪಾ?"

"ಸರಿ ಐತ್ರಿ."

ಅವರಿಗೆ ಒಬ್ಬ ತಮ್ಮ. ಬಸಣ್ಣ, ಮುನವಳ್ಳಿ ಕಡೆ ಹೊಲ. ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಗಂಡ ತೀರಿದ ಮೇಲೆ ಕಾಕೂ ರೊಟ್ಟಿ ಮಾರಲು ಶುರುಮಾಡಿದಾಗ ಬಸಣ್ಣ ಬಂದು, ನಮ್ಮ ಮನೆತನದ ಹೆಣ್ಣುಮಗಳು ಊರಿಗೆಲ್ಲ ರೊಟ್ಟಿ ಮಾರುವುದೆಂದರೆ ಏನು, ಇಂಥ ಅಕ್ಕ ನನಗಿಲ್ಲ ಎಂದು ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದರಂತೆ. ಕಾಕೂ ಈ ಮಾತನ್ನು ಹಿಟ್ಟು ನಾದುತ್ತ ಹೇಳಿದ್ದರು. "ನಾನೂ ಹೋಗೋ ಅಂದ್ಯಾ. ಅಂದಮ್ಯಾಲೆ ಹೋದ. ಅಷ್ಟ."

ಡಿಸೆಂಬರ್ 21, ಶನಿವಾರ, ಬೆಳಗ್ಗೆ 10.05ಕ್ಕೆ ಬಸಣ್ಣನ ಫೋನು ಬಂತು. ಮಾತು ಒಂದೂವರೆ ನಿಮಿಷ. ಕಾಕೂ ಫೋನಿಟ್ಟು ಒಲೆಯ ಮುಂದೆ ಕೂತರು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದೊಂದೇ ಸಲ ಅವರ ಕೈಯಲ್ಲಿ ರೊಟ್ಟಿ ಸುಟ್ಟದ್ದನ್ನು ನಾನು ನೋಡಿದ್ದು.

"ಏನಂದ್ರರಿ?"

"ಅಮಾಸಿಗೆ ಬಾ ಅಂದ. ಅವ್ವನ ಕರಿಂಡಿ ಮಾಡ್ಕೊಂಡ ಬಾ ಅಂದ." ಕರಕಾದ ರೊಟ್ಟಿ ತೆಗೆದು, "ಅವನ ಹೇಂತಿ ಮಾಡೂದು ಅವಗ ಸೇರಂಗಿಲ್ಲಂತ. ಹನ್ನೊಂದ ವರ್ಷ ಬೇಕಾತ ನೋಡ ಹೇಳಾಕ" ಎಂದು ಮೂಗೊರೆಸಿಕೊಂಡರು.

ಅವರ ತೀರಿಹೋದ ಅವ್ವನ ಕರಿಂಡಿ ಆ ಕಡೆ ಹೆಸರಾಗಿತ್ತು. ಅದರ ಕೈ ಕಾಕೂಗೆ ಮಾತ್ರ ಬಂದಿತ್ತು. ಆ ಭರಣಿಯ ಮೇಲೆ ಏನು ನಿಂತಿದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ.

24ರ ಮಂಗಳವಾರ ಕರಿಂಡಿ ಹಾಕಿದರು. ರೊಟ್ಟಿಯ ಧಗೆ, ಹತ್ತು ಜನರ ಕೈ ಬೇಡವೆಂದು ಭರಣಿಯನ್ನು ನನ್ನ ಕೋಣೆಯಲ್ಲಿಟ್ಟು ಹಳೆಯ ಕೌದಿ ಸುತ್ತಿದರು. ಮರುದಿನ ಮಧ್ಯಾಹ್ನ ಕಿತ್ತೂರಿನಿಂದ ಸುದ್ದಿ. ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿತ್ತು. ಕಾಕೂ ಒಲೆ ಆರಿಸಿ, ಹೆಂಗಸರಿಗೆ ಐದು ದಿನ ಬರಬೇಡಿ ಎಂದು ಹೇಳಿ, ಚೀಲ ಹಿಡಿದು ಹೊರಟರು. ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟು.

"ದಿನಾ ಮುಂಜಾನೆ ಒಣಾ ಕೈಲಿ ಸೌಟ ಹಿಡದ ಒಮ್ಮೆ ತಿರುವು. ನಾಲಿಗಿಗೆ ಹಚ್ಚಬ್ಯಾಡ, ಚರಗದ್ದು. ಮೂಸಿ ನೋಡು. ಘಾಟ ಏರಿದ ದಿನ ಕೌದಿ ಬಿಚ್ಚಿ ನೀರಿನ ಗಡಿಗಿ ಬಾಜೂಕ ಇಟ್ಟಬಿಡು. ನಾ ಕಿತ್ತೂರಿಂದ ಸೀದಾ ಹೊಲಕ್ಕ ಬರ್ತೀನಿ. ನೀ ಬಾಬೂನ ಗಾಡ್ಯಾಗ ತೊಗೊಂಡ ಬಾ."

ನನಗೆ ವಾಸನೆ ಬರುವುದಿಲ್ಲ ಎಂದು ಹೇಳಲು ಅದು ಸರಿಯಾದ ವೇಳೆ. ಮಧ್ಯಾಹ್ನ 2.40. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಹೇಳಿದರೆ ಎಪ್ಪತ್ತು ದಿನದ "ಛಲೋ ಆಗೇತ್ರಿ" ಎಲ್ಲವೂ ಸುಳ್ಳೆಂದು ಹೇಳಿದ ಹಾಗಾಗುತ್ತಿತ್ತು. ಸುದ್ದಿ ಎಲ್ಲೋ ಹೋಗಿ ಕಾದಂಬರಿಗೂ ಮುಟ್ಟುತ್ತಿತ್ತು. "ಹೂಂರಿ" ಅಂದೆ.

ನನ್ನ ಬಳಿ ಲೆಕ್ಕ ಇತ್ತು. ನವೆಂಬರ್‌ನಲ್ಲಿ ಸಂಪಗಾಂವಿಯ ಹೆಣ್ಣುಮಗಳೊಬ್ಬರು, ತಮ್ಮಲ್ಲಿ ಕರಿಂಡಿ ಐದನೇ ದಿನಕ್ಕೆ ಹಣ್ಣಾಗುತ್ತದೆ ಎಂದು ಹೇಳಿದ್ದನ್ನು ಬರೆದುಕೊಂಡಿದ್ದೆ. ಇಪ್ಪತ್ತನಾಲ್ಕಕ್ಕೆ ಐದು ಸೇರಿಸಿದರೆ ಇಪ್ಪತ್ತೊಂಬತ್ತು. ಮೂಗು ಬೇಡ, ಕ್ಯಾಲೆಂಡರ್ ಸಾಕು ಅಂದುಕೊಂಡೆ.

ಕಾಕೂ ಪ್ರತಿ ಬೆಳಗ್ಗೆ ಫೋನ್ ಮಾಡುತ್ತಿದ್ದರು. ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಹೆಣ್ಣುಕೂಸು.

"ಘಾಟ ಏರೇತೇನ?"

"ಇನ್ನಾ ಇಲ್ರಿ."

27ರಂದು ಅಂದರು, "ಮ್ವಾಡ ಮುಚ್ಚೇತಿ ನೋಡು. ಹಿಂತಾದ್ರಾಗ ಲಗೂನ ಹಣ್ಣಾಕ್ಕೈತಿ. ಮೂಗ ಒಳಗಿಟ್ಟ ಮೂಸು."

"ಮೂಸೀನ್ರಿ. ಇನ್ನಾ ಹಸೀನ ಐತಿ."

ಮೂಸಿದ್ದು ನಿಜ. ಭರಣಿಯ ಬಾಯಿಗೆ ಮುಖವಿಟ್ಟು, ಬೆಳಗಿನ ಲವಂಗ ಮೂಸುವ ಹಾಗೆ, ಹತ್ತು ಎಣಿಸುವವರೆಗೆ. ಏನೂ ಇಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಮೆಣಸಿನಕಾಯಿಯ ಲೆಕ್ಕಕ್ಕೆ ಹಾಕಿದೆ. ನನ್ನ ಡೈರಿಯಲ್ಲಿ ಹವೆಗೆ ಬೇರೆ ಕಾಲಮ್ಮಿದೆ. 26, 27, 28, ಮೂರು ದಿನವೂ ಬರೆದಿದ್ದೇನೆ: "ಮೋಡ, ಚಳಿ ಇಲ್ಲ, ಫ್ಯಾನ್ ಹಾಕಿದೆ." ಪಕ್ಕದ ಕಾಲಮ್ಮಿನಲ್ಲಿ: "ಕರಿಂಡಿ 2ನೇ ದಿನ," "3ನೇ ದಿನ," "4ನೇ ದಿನ." ಎರಡನ್ನೂ ಕೂಡಿಸಿ ಓದಲಿಲ್ಲ. ಆ ಓಣಿಯಲ್ಲಿ ಹದಿನಾಲ್ಕು ಮನೆಗಳಿದ್ದವು. ಯಾರ ಮೂಗಾದರೂ ಸಾಕಿತ್ತು. ಕೆಳಗಿಳಿದು ಕೇಳಲಿಲ್ಲ.

29ರಂದು ಬೆಳಗ್ಗೆ ಅವರ ಫೋನಿಗೆ ಕಾಯದೆ ನಾನೇ ಫೋನ್ ಮಾಡಿ ಹೇಳಿದೆ. "ಕಾಕೂ, ಘಾಟ ಏರೇತ್ರಿ. ನೆತ್ತಿಗೆ ಹತ್ತೇತಿ."

"ಹೌದಾ?" ಎಂದರು. ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾರ ಅವ್ವನ ಕೈ ಇನ್ನಾ ಹೋಗಿಲ್ಲ."

ಸೋಮವಾರ ಬೆಳಗ್ಗೆ 7.15ಕ್ಕೆ ಬಾಬುಸಾಬ್ ಬಂದರು. ಭರಣಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ಮುರಗೋಡ ದಾಟುವ ಮೊದಲೇ ಅವರು ತಮ್ಮ ಕಡೆಯ ಗಾಜು ಇಳಿಸಿದರು. ಆಮೇಲೆ ನನ್ನ ಕಡೆಯದನ್ನೂ ಇಳಿಸಿರಿ ಅಂದರು. ಥಂಡಿ ಗಾಳಿ ಹೊಡೆಯುತ್ತಿತ್ತು. ಎಂದೂ ಬಾಯಿ ಮುಚ್ಚದವರು ಅಂದು ಮಾತಾಡಲಿಲ್ಲ. ಅವರಿಗೆ ಮೈ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಕೇಳಿದಾಗ ಹೇಳಿದರು: "ದೇವರಿಗೆ ಒಯ್ಯೂ ಎಡಿ, ಮೇಡಂರಿ. ಅದರ ವಾಸನಿ ಹಿಂಗೈತಿ ಹಂಗೈತಿ ಅಂತ ನಾ ಹ್ಯಾಂಗ ಆಡ್ಲಿ? ಅಕ್ಕಾರ ಮನ್ಯಾಗ ಹಂಗ ಆಡೂದಿಲ್ಲ. ನೀವಂತೂ ಭಾಳ ಸಮಾಧಾನದಿಂದ ಕುಂತಿದ್ರಿ. ನಿಮ್ಮ ಮೂಗಿಗಿ ಸರಿ ಅನಸೇತಿ ಅಂದ್ರ ಸರೀನ ಇರಬೇಕು ಅಂದ್ಕೊಂಡೆ."

ಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು, ತೆನೆ ಹೊರಬೀಳುವ ಹೊತ್ತು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ್ದರು. ಕಾಕೂ ಮೊದಲೇ ಬಂದಿದ್ದರು. ಹಸಿರು ಸೀರೆ, ತಲೆತುಂಬ ಸೆರಗು. ಅಕ್ಕ ತಮ್ಮ ಇಬ್ಬರೂ ಕಂಬಳಿಯ ಒಂದೊಂದು ತುದಿಯಲ್ಲಿ ಕೂತು ಬೇರೆ ಬೇರೆ ದಿಕ್ಕು ನೋಡುತ್ತಿದ್ದರು. ನಡುವೆ ಅವರ ಚಿಗವ್ವ, ಅಂದರೆ ಅವ್ವನ ತಂಗಿ, ಎಂಬತ್ತರ ಆಚೀಚಿನ ಪಾರ್ವತೆವ್ವ. ಬಸಣ್ಣನ ಹೆಂಡತಿ ಸರೋಜಾ ಬುಟ್ಟಿಯಿಂದ ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ ಒಂದೊಂದೇ ಹೊರತೆಗೆದು ಎಲೆಗೆ ಬಡಿಸಿದರು. ಕೊನೆಗೆ ನನ್ನ ಭರಣಿಯ ಸರದಿ. ಬಸಣ್ಣ ತಾವೇ ಬಟ್ಟೆ ಬಿಚ್ಚಿದರು.

ವೇಳೆ 11.25. ಅವರ ಕೈ ಅಲ್ಲೇ ನಿಂತಿತು. ಸರೋಜಾ ಸೆರಗು ಬಾಯಿಗಿಟ್ಟುಕೊಂಡು ಎದ್ದು ನಿಂತರು. ನಾನು ಮುಖಗಳನ್ನು ನೋಡಿದೆ. ಎರಡೂವರೆ ತಿಂಗಳಿನಿಂದ ಮುಖ ನೋಡಿ ಓದುವುದೇ ನನ್ನ ಕೆಲಸವಾಗಿತ್ತು. ಇಷ್ಟು ಸ್ಪಷ್ಟವಾಗಿ ಯಾವ ಖಾನಾವಳಿಯಲ್ಲೂ ಓದಿರಲಿಲ್ಲ.

ಪೂಜೆ ಮುಗಿಯುವ ತನಕ ವಾಸನೆಯ ಮಾತು ಆಡಬಾರದು ಎನ್ನುವುದನ್ನು ಸರೋಜಾ ಮರೆತರು. "ಹನ್ನೊಂದ ವರ್ಷದ ಮ್ಯಾಲೆ ತವರಿಗೆ ಬರೂ ಅಕ್ಕಾರು ಇದನ್ನ ತಂದ್ರೇನ? ನಂದು ಸೇರಂಗಿಲ್ಲಂತ, ಇದು ಸೇರತೈತೇನ ನೋಡ್ರಿ ಈಗ!"

ಕಾಕೂ ಬಗ್ಗಿ ಒಮ್ಮೆ ಮೂಸಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಫೋನಿನಲ್ಲಿ ಹೇಳಿದ್ದು ಒಂದೊಂದೂ ಅವರಿಗೆ ನೆನಪಾಗುತ್ತಿರುವುದು ನನಗೆ ಕಂಡಿತು. ಆಮೇಲೆ ತಮ್ಮನ ಕಡೆ ತಿರುಗಿ ಹೇಳಿದರು: "ನಂದ ತಪ್ಪು. ನಾನ ಕೆಡಿಸೀನಿ. ಕೈ ಹೋಗೇತಿ ನಂದು."

ಬಸಣ್ಣ ಪಂಚೆ ಝಾಡಿಸಿ ಏಳಲು ಹೊರಟರು. ಅವರು ಎದ್ದರೆ ಮುಗಿಯಿತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಕಾಕೂದ್ದಲ್ರಿ ತಪ್ಪು" ಅಂದೆ. "ನನಗ ವಾಸನಿ ಬರೂದಿಲ್ರಿ. ಆಗಸ್ಟ್‌ನಿಂದ. ಭರಣಿ ನನ್ನ ಹಂತೇಕ ಇತ್ತು. ಘಾಟ ಏರೇತಿ ಅಂತ ಸುಳ್ಳ ಹೇಳೀನಿ."

ಸರೋಜಾಗೆ ನಗು ತಡೆಯಲಾಗಲಿಲ್ಲ. "ಅಯ್ಯ ಶಿವನ! ಊಟದ ಬುಕ್ಕ ಬರಿಯಾಕಿ ಅಂತಿದ್ರಲ್ಲ? ಮೂಗ ಇಲ್ದ ಏನ ಬರೀತಿ ಯವ್ವಾ?"

ಯಾರೂ ನಗಲಿಲ್ಲ. ಆಗ ಪಾರ್ವತೆವ್ವ, ಅಲ್ಲಿಯ ತನಕ ಎಲೆಯಡಿಕೆ ಕುಟ್ಟುತ್ತಿದ್ದವರು, ಕುಟ್ಟುವುದನ್ನು ನಿಲ್ಲಿಸದೆ ಹೇಳಿದರು:

"ನಿಮ್ಮವ್ವಗೂ ಬರ್ತಿದ್ದಿಲ್ಲ."

ಬಸಣ್ಣ ತಿರುಗಿದರು. "ಏನ ಬರ್ತಿದ್ದಿಲ್ಲ?"

"ವಾಸನಿ. ಕಡೀಕ ಆರೇಳ ವರ್ಷ. ನನಗ ಒಬ್ಬಾಕಿಗೆ ಹೇಳಿದ್ಲು."

"ಸುಮ್ನ ಏನರೆ ಹೇಳಬ್ಯಾಡ ಚಿಗವ್ವಾ. ಅವ್ವ ಕಡೀ ವರ್ಷದ ತನಾ ಕರಿಂಡಿ ಹಾಕ್ಯಾಳ. ನಾ ಉಂಡೀನಿ."

"ಉಂಡಿ. ನಾ ಎಲ್ಲಿ ಇಲ್ಲಂದೆ? ಮೂಗ ಇಲ್ದನ ಹಾಕತಿದ್ಲು ಅಂತೀನಿ. ಭರಣಿಗೆ ಕಿವಿ ಹಚ್ಚತಿದ್ಲೋ, ಅಂಗೈ ಹಚ್ಚತಿದ್ಲೋ... ಏನೋ ಒಂದ ಮಾಡತಿದ್ಲು. ನಾ ಕಂಡೀನಿ. ಈಗ ನೆಪ್ಪಿಲ್ಲ."

ಬಸಣ್ಣ ಅಕ್ಕನ ಮುಖ ನೋಡಿದರು. ಆ ದಿನ ಮೊದಲ ಸಲ. "ನಿನಗ ಗೊತ್ತಿತ್ತೇನ?"

"ಇಲ್ಲೋ ಯಪ್ಪಾ."

"ನನಗೂ ಇಲ್ಲ."

ಅವರು ಮತ್ತೆ ಕೂತರು. ಕೆಟ್ಟ ಕರಿಂಡಿಯನ್ನು ಬದುವಿನ ಆಚೆ ಗುದ್ದಲಿಯಿಂದ ತೆಗ್ಗು ತೋಡಿ ಮುಚ್ಚಿದರು. ಉಳಿದ ಅಡುಗೆಯನ್ನೇ ಕಲಸಿ ಚರಗ ಚೆಲ್ಲಿದರು. ಬಸಣ್ಣ ಮುಂದೆ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಚೆಲ್ಲಿದರು, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಕಾಕೂ "ಚಲಾಂಬ್ರಿಗ್ಯೋ" ಎಂದರು. ಹೊಲದ ನಾಲ್ಕು ಮೂಲೆ, ಹದಿನೆಂಟು ನಿಮಿಷ.

ಊಟಕ್ಕೆ ಕೂತಾಗ ಶುರುವಾದ ಅಕ್ಕತಮ್ಮನ ಮಾತು ನಿಲ್ಲಲಿಲ್ಲ. ಅದು ಮಾತಲ್ಲ, ಜಗಳ. ಅವ್ವ ಎಡಗೈಯಿಂದ ತಿರುವುತ್ತಿದ್ದಳು ಎಂದು ಬಸಣ್ಣ. ಎಡಗೈ ಎಲ್ಲಿಂದ ಬಂತು, ನೀ ಸಣ್ಣವ ನಿನಗೇನು ಗೊತ್ತು ಎಂದು ಕಾಕೂ. ಭರಣಿಯನ್ನು ಅವ್ವ ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ನೆನಪಿದೆ ಎಂದು ಅವರು. ಅದು ಕರಿಂಡಿಯದಲ್ಲ ಮೊಸರಿನದು, ಹುಚ್ಚಪ್ಪಾ, ಎಂದು ಇವರು. ಸರೋಜಾ ಎರಡು ಸಲ ಹೋಳಿಗೆ ಬಡಿಸಿದ್ದನ್ನು ಇಬ್ಬರೂ ಗಮನಿಸದೆ ತಿಂದರು. ನಾನು ನಲವತ್ತು ನಿಮಿಷ ಲೆಕ್ಕ ಹಾಕಿ ಆಮೇಲೆ ಗಡಿಯಾರ ನೋಡುವುದನ್ನು ಬಿಟ್ಟೆ. ನನ್ನ ಎಲೆಯಲ್ಲಿ ಏನೇನಿತ್ತೋ ಅಷ್ಟನ್ನೂ ತಿಂದೆ. ಅಂದು ಯಾರೂ ಹೇಗಾಗಿದೆ ಎಂದು ಕೇಳಲಿಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ಮೂವರಿದ್ದೆವು. ಕಾಕೂ ನಡುವೆ ಕೂತಿದ್ದರು. ಮುರಗೋಡ ದಾಟಿದ ಮೇಲೆ ಹೇಳಿದರು: "ಕರಿಂಡಿ ಕೆಟ್ಟದ್ದಕ್ಕ ನನಗ ಸಿಟ್ಟಿಲ್ಲ. ಎಪ್ಪತ್ತ ದಿನ ನನ್ನ ಕೈಯಾಗಿಂದ ಉಂಡು, ಛಲೋ ಆಗೇತಿ ಛಲೋ ಆಗೇತಿ ಅಂದೆಲ್ಲ. ನಾ ಅದನ್ನ ಖರೇ ಅಂದ್ಕೊಂಡ ದಿನಾ ಕೇಳತಿದ್ದೆ. ಅದಕ್ಕ ಐತಿ."

ನಾನು ಆಮೇಲೆ ಡೈರಿಯಲ್ಲಿ ಎಣಿಸಿದೆ. ನೂರ ಮೂವತ್ತೆಂಟು ಸಲ.

31ರಂದು ಕೋಣೆ ಖಾಲಿ ಮಾಡಿದೆ. ಅದೇ ವಾರ ಪ್ರಕಾಶಕರಿಗೆ ನಿಜ ಬರೆದೆ. ನಾಯಕಿ ಪರಿಮಳಕ್ಕೆ ಕಣ್ಣುಮುಚ್ಚಿದ ಅಧ್ಯಾಯಗಳೆಲ್ಲ ಬೇರೆಯವರ ಮೂಗಿನಿಂದ ಬರೆದವು ಎಂದು. ಅವರು ಸೌಜನ್ಯದಿಂದಲೇ ಉತ್ತರಿಸಿ ಒಪ್ಪಂದ ಕೈಬಿಟ್ಟರು. ಹನ್ನೊಂದು ಅಧ್ಯಾಯಗಳು ಕಪಾಟಿನಲ್ಲಿವೆ. ಅವುಗಳಲ್ಲಿ ನನಗೀಗ ನಿಜ ಅನ್ನಿಸುವ ಸಾಲುಗಳು ಬಾಬುಸಾಬರವು, ಟೈರಿನ ಅಂಗಡಿಯವು. ಅವನ್ನು ಹೊಡೆದುಹಾಕಿ ಮಲ್ಲಿಗೆ ಎಂದೋ ಹಾಲು ಎಂದೋ ಬರೆದಿದ್ದೆ.

ಈ ಒಂದು ವರ್ಷದಲ್ಲಿ ಕರಿಂಡಿ ಹಾಕುವ ಮೂವತ್ತೊಂದು ಹೆಂಗಸರನ್ನು ಕೇಳಿದ್ದೇನೆ. ಮೂಗಿಲ್ಲದೆ ಹೇಗೆ ತಿಳಿಯುತ್ತದೆ ಎಂದು. ಇಪ್ಪತ್ತೊಂಬತ್ತು ಮಂದಿ ನಕ್ಕರು. ಮುರಗೋಡದ ಒಬ್ಬರು, ಹಣ್ಣಾದ ಭರಣಿ ಅಂಗೈಗೆ ಒಂದು ಕಡೆ ಬೆಚ್ಚಗೆ ಹತ್ತುತ್ತದೆ ಅಂದರು, ಯಾವ ಕಡೆ ಎಂದು ಹೇಳಲು ಅವರಿಗೆ ಆಗಲಿಲ್ಲ. ರಾಮದುರ್ಗದ ಒಬ್ಬರು ಒಳಗೆ ಸಣ್ಣಗೆ ಸದ್ದಾಗುತ್ತದೆ, ಸದ್ದು ನಿಂತ ದಿನ ಹಣ್ಣು ಅಂದರು. ಅವರಿಗೆ ಅದನ್ನು ಹೇಳಿದ್ದ ಅತ್ತೆ ಈಗಿಲ್ಲ. ನನ್ನ ಮೂಗಿನ ಕೋಷ್ಟಕದಲ್ಲಿ ಇಂದಿಗೂ ಸೊನ್ನೆ.

ಕಾಕೂ ಒಂದು ವರ್ಷ ಫೋನ್ ಮಾಡಲಿಲ್ಲ. ಈ ಡಿಸೆಂಬರ್ 12ಕ್ಕೆ ಮಾಡಿದರು. ಹೇಗಿದ್ದೀ ಎಂದು ಕೇಳಲಿಲ್ಲ. "ಬಸೂ ಕರದಾನ ಈ ಸಲಾನೂ. ನಾವಿಬ್ರೂ ಎಷ್ಟ ಜಗಳಾಡಿದ್ರೂ ಅವ್ವ ಏನ ಮಾಡತಿದ್ಲು ಅಂತ ಬಗೀ ಹರೀವಲ್ದು. ನಮಗ ಮೂಗ ಐತಿ, ಅದು ಅಡ್ಡ ಬರತೈತಿ. ನೀ ಬಾ. ಭರಣಿ ನಿನ್ನ ಕೋಣ್ಯಾಗ ಇಡತೀನಿ. ನೀ ಕೈ ಹಚ್ಚು, ಕಿವಿ ಹಚ್ಚು, ಏನ ತಿಳಿತೈತಿ ಹೇಳು. ನಾ ಆಮ್ಯಾಲೆ ಮೂಸಿ ನೋಡತೀನಿ. ಈ ಸಲ ಸುಳ್ಳ ಹೇಳಿದ್ರ ಮಾಳಗಿ ಮ್ಯಾಲಿಂದ ದೂಡತೀನಿ ನೋಡ ಮತ್ತ."

ಇಂದು ಡಿಸೆಂಬರ್ 16, ಮಂಗಳವಾರ, ಬೆಳಗ್ಗೆ 9.30. ಭರಣಿ ನನ್ನೆದುರಿಗಿದೆ, ಎರಡನೇ ದಿನ. ಹವೆ ತಣ್ಣಗಿದೆ. ಎಡ ಅಂಗೈ ಎರಡು ನಿಮಿಷ ಇಟ್ಟೆ, ವ್ಯತ್ಯಾಸ ತಿಳಿಯಲಿಲ್ಲ. ಬಲ ಕಿವಿ ಇಟ್ಟಾಗ ಏನೋ ಕೇಳಿಸಿತು. ಅದು ಭರಣಿಯದೋ ನನ್ನದೇ ಕಿವಿಯದೋ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದೇ ಕಾಕೂಗೆ ಹೇಳಿದೆ. "ಹೂಂ, ಬರಕೋ" ಅಂದರು.

ಅಮಾವಾಸ್ಯೆ ಶುಕ್ರವಾರ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಹಿಂದೆ ಆಗಿಹೋದವರಲ್ಲಿ ಯಾರಾದರೂ ಮೂಗಿನ ಹಂಗಿಲ್ಲದೆ ಕರಿಂಡಿ ಹಣ್ಣಾದದ್ದನ್ನು ತಿಳಿಯುತ್ತಿದ್ದರೆ, ಹೇಗೆ ಎಂಬುದನ್ನು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಕೈಯೋ, ಕಿವಿಯೋ, ಎರಡೂ ಅಲ್ಲದ್ದೋ. ಭರಣಿ ಮಣ್ಣಿನದೋ ಪಿಂಗಾಣಿಯದೋ, ಎಷ್ಟನೇ ದಿನ, ಬೆಳಗ್ಗೆಯೋ ಸಂಜೆಯೋ. ಪೂರ್ತಿ ನೆನಪಿಲ್ಲದಿದ್ದರೆ ನೆನಪಿದ್ದಷ್ಟೇ ಬರೆಯಿರಿ. ಶುಕ್ರವಾರದೊಳಗೆ ಬರದಿದ್ದರೂ ಚಿಂತೆಯಿಲ್ಲ, ಅಕ್ಕತಮ್ಮ ಇಬ್ಬರಿಗೂ ಬರುವ ವರ್ಷಕ್ಕೆ ಬೇಕು. ನನಗೂ ಬೇಕು.